ಜಪಾನಿನ ಶಾಲೆಗಳಲ್ಲಿ ಸಹಾಯಕ ಇಂಗ್ಲಿಷ್ ಶಿಕ್ಷಕ ಕೆಲಸ: ಜೆಟ್, ಡಿಸ್ಪ್ಯಾಚ್ ಕಂಪನಿ, ನೇರ ನೇಮಕ – ಒಂದು ವಿಮರ್ಶೆ

ಜಪಾನಿನ ಸರ್ಕಾರಿ ಶಾಲೆಗಳಿಗೆ ಸಹಾಯಕ ಇಂಗ್ಲಿಷ್ ಶಿಕ್ಷಕರಾಗಿ, ಅಲ್ಲಿಯವರ ಬಾಯಲ್ಲಿ ಎಎಲ್‌ಟಿ ಆಗಿ, ಸೇರಲು ಮೂರು ದಾರಿಗಳಿವೆ. ಸರ್ಕಾರ ನಡೆಸುವ ಜೆಟ್ ಕಾರ್ಯಕ್ರಮ ಒಂದು, ಶಾಲೆಗಳಿಗೆ ಜನ ಒದಗಿಸುವ ಖಾಸಗಿ ಡಿಸ್ಪ್ಯಾಚ್ ಕಂಪನಿಗಳು ಇನ್ನೊಂದು, ಊರಿನ ಶಿಕ್ಷಣ ಮಂಡಳಿಯೇ ಮಾಡಿಕೊಳ್ಳುವ ನೇರ ನೇಮಕ ಮೂರನೆಯದು. ತರಗತಿಯೊಳಗೆ ಮೂವರ ಕೆಲಸವೂ ಹೆಚ್ಚುಕಡಿಮೆ ಒಂದೇ. ಆದರೆ ಸಂಬಳ, ರಜೆ, ವಿಮೆ, ಮನೆ, ಕಾಯಿಲೆ ಬಿದ್ದರೆ ಏನು ಗತಿ ಎನ್ನುವುದೆಲ್ಲ ನಿಂತಿರುವುದು ನಿಮ್ಮನ್ನು ಕೆಲಸಕ್ಕೆ ಇಟ್ಟುಕೊಂಡವರು ಯಾರು ಎಂಬುದರ ಮೇಲೆ. ಹಾಗಾಗಿ ಪಾಠ ಮಾಡುವುದು ಹೇಗೆ ಎಂದು ಕೇಳುವ ಮೊದಲು ಒಪ್ಪಂದದ ಕಾಗದ ಓದುವುದು ಹೇಗೆ ಎಂದು ಕಲಿಯಬೇಕು.

ಮೊದಲ ಮಣೆ ಜೆಟ್‌ಗೇ. 1987ರಲ್ಲಿ ಶುರುವಾದ ಈ ಕಾರ್ಯಕ್ರಮದಲ್ಲಿ ನಿಮ್ಮ ಮಾಲೀಕರು ಸ್ಥಳೀಯ ಸರ್ಕಾರವೇ: ಪ್ರಾಂತ್ಯ, ನಗರ ಅಥವಾ ಪುಟ್ಟ ಪಟ್ಟಣದ ಶಿಕ್ಷಣ ಮಂಡಳಿ. 2025ರ ಏಪ್ರಿಲ್‌ನಿಂದ ಮೊದಲ ವರ್ಷದ ಸಂಬಳ ಸುಮಾರು 40.2 ಲಕ್ಷ ಯೆನ್, ಅಂದರೆ ತಿಂಗಳಿಗೆ 3,35,000 ಯೆನ್ ಆಸುಪಾಸು. ಅದಕ್ಕೂ ಮುಂಚೆ ಇದು 33.6 ಲಕ್ಷ ಇತ್ತು. ಒಪ್ಪಂದ ಒಂದೊಂದು ವರ್ಷದ್ದು, ಗರಿಷ್ಠ ಐದು ವರ್ಷ. ಹೋಗುವ ವಿಮಾನದ ಖರ್ಚು ಅವರದು. ಒಪ್ಪಂದವನ್ನು ಸರಿಯಾಗಿ ಮುಗಿಸಿ ಹೊರಟರೆ ಮರಳುವ ಖರ್ಚೂ ಅವರದೇ. ಬಹುತೇಕ ಕಡೆ ಮನೆ ಹುಡುಕಿಕೊಡುತ್ತಾರೆ, ಹಿಂದಿನ ಎಎಲ್‌ಟಿ ಬಿಟ್ಟುಹೋದ ಫ್ರಿಡ್ಜು, ಹಾಸಿಗೆ ಸಮೇತ ಸಿಗುವುದೂ ಉಂಟು.

ಜೆಟ್‌ನಲ್ಲಿ ತೊಡಕಿರುವುದು ಎರಡು ಕಡೆ. ಒಂದು, ಕಾಲಾವಧಿ. ಅರ್ಜಿ ಹಾಕುವುದು ಶರತ್ಕಾಲದಲ್ಲಿ, ಸಂದರ್ಶನ ಜನವರಿ-ಫೆಬ್ರವರಿಯಲ್ಲಿ, ಫಲಿತಾಂಶ ವಸಂತದಲ್ಲಿ, ಹೊರಡುವುದು ಜುಲೈ ಕೊನೆ ಅಥವಾ ಆಗಸ್ಟ್‌ನಲ್ಲಿ. ಅರ್ಜಿಯಿಂದ ವಿಮಾನದವರೆಗೆ ಹತ್ತು ತಿಂಗಳ ಹತ್ತಿರ. ಎರಡು, ಊರು ನಿಮ್ಮ ಕೈಯಲ್ಲಿಲ್ಲ. ಇಷ್ಟದ ಜಾಗಗಳನ್ನು ಬರೆಯಬಹುದು, ಆದರೆ ಟೋಕಿಯೊ, ಓಸಾಕಾ ಎಂದು ಬರೆದವರು ಶಿಮಾನೆಯ ಬೆಟ್ಟದ ತಪ್ಪಲಿಗೋ ಕಾಗೋಶಿಮಾದ ದ್ವೀಪಕ್ಕೋ ಹೋಗುವುದು ಮಾಮೂಲು. ಊರು ಮುಖ್ಯ ಎನ್ನುವವರಿಗೆ ಈ ದಾರಿ ಒಗ್ಗದು. ಊರಿಗಿಂತ ಸಂಬಳ, ವಿಮೆ, ಆಸರೆ ಮುಖ್ಯ ಎನ್ನುವವರು ಒಂದು ವರ್ಷ ಕಾದಾದರೂ ಇದಕ್ಕೇ ಪ್ರಯತ್ನಿಸುವುದು ಒಳ್ಳೆಯದು.

ಡಿಸ್ಪ್ಯಾಚ್ ಕಂಪನಿಗಳ ವಿಷಯ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಜೆಟ್‌ನಲ್ಲಿ ಜಾಗ ಸಿಗದವರ ಮುಂದೆ ಉಳಿಯುವುದು ಹೆಚ್ಚಾಗಿ ಇದೇ, ಮತ್ತು ಕೈ ಕಚ್ಚಿಸಿಕೊಳ್ಳುವುದೂ ಇಲ್ಲೇ. ಇವು ಶಿಕ್ಷಣ ಮಂಡಳಿಯಿಂದ ವರ್ಷದ ಗುತ್ತಿಗೆ ಹಿಡಿದು ನಿಮ್ಮನ್ನು ಶಾಲೆಗೆ ಕಳಿಸುತ್ತವೆ. ನೇಮಕಾತಿ ವರ್ಷಪೂರ್ತಿ ನಡೆಯುತ್ತದೆ, ಆದರೆ ಶಾಲಾ ವರ್ಷ ಏಪ್ರಿಲ್‌ನಲ್ಲಿ ಆರಂಭವಾಗುವುದರಿಂದ ಹೆಚ್ಚಿನ ಹುದ್ದೆಗಳು ಆಗಲೇ ತೆರೆಯುತ್ತವೆ. ಸಂಬಳ ತಿಂಗಳಿಗೆ 2 ಲಕ್ಷದಿಂದ 2.5 ಲಕ್ಷ ಯೆನ್ ಒಳಗೆ ಇರುವುದೇ ಹೆಚ್ಚು. ಜಾಹೀರಾತಿನಲ್ಲಿ 2,30,000 ಯೆನ್ ಎಂದಿದೆ ಎಂದುಕೊಳ್ಳಿ. ಅದರಲ್ಲಿ ಪಿಂಚಣಿಗೆ ಸುಮಾರು 22,000, ಆರೋಗ್ಯ ವಿಮೆಗೆ ಸುಮಾರು 12,000, ಉದ್ಯೋಗ ವಿಮೆಗೆ ಸಾವಿರದ ಚಿಲ್ಲರೆ, ಆದಾಯ ತೆರಿಗೆಗೆ ನಾಲ್ಕೈದು ಸಾವಿರ ಹೋಗುತ್ತದೆ. ಕೈಗೆ ಬರುವುದು 1,90,000 ಯೆನ್ ಆಚೀಚೆ. ಬಾಡಿಗೆ 50,000, ವಿದ್ಯುತ್, ಗ್ಯಾಸ್, ನೀರು, ಫೋನು ಸೇರಿ 20,000 ತೆಗೆದರೆ ಉಳಿದಿದ್ದರಲ್ಲಿ ಸಣ್ಣ ಊರಿನಲ್ಲಿ ಬದುಕಬಹುದು. ಮನೆಗೆ ದುಡ್ಡು ಕಳಿಸುವ ಲೆಕ್ಕ ಇಟ್ಟುಕೊಂಡಿದ್ದರೆ ಈ ಸಂಬಳದಲ್ಲಿ ಅದು ಕಷ್ಟ.

ತಿಂಗಳ ಸಂಬಳಕ್ಕಿಂತ ವರ್ಷದ ಮೊತ್ತ ಎಷ್ಟು ಎಂದು ಕೇಳಬೇಕು. ಶಾಲೆಗೆ ರಜೆ ಇರುವ ಆಗಸ್ಟ್‌ನಲ್ಲಿ, ಡಿಸೆಂಬರ್ ಕೊನೆಯಲ್ಲಿ, ಮಾರ್ಚ್‌ನಲ್ಲಿ ಎಷ್ಟೋ ಕಂಪನಿಗಳು ಸಂಬಳವನ್ನು ಕೆಲಸದ ದಿನಕ್ಕೆ ತಕ್ಕಂತೆ ಕಡಿಮೆ ಮಾಡುತ್ತವೆ. ಆಗಸ್ಟ್‌ನ ಸಂಬಳ ಅರ್ಧಕ್ಕಿಳಿದರೂ ಬಾಡಿಗೆ ಇಳಿಯುವುದಿಲ್ಲ. 12 ತಿಂಗಳೂ ಒಂದೇ ಸಂಬಳ ಕೊಡುವ 2,20,000 ಯೆನ್‌ನ ಕೆಲಸ, ಮೂರು ತಿಂಗಳು ಮೊಟಕು ಮಾಡುವ 2,40,000 ಯೆನ್‌ನ ಕೆಲಸಕ್ಕಿಂತ ಮೇಲಾಗಿರಬಹುದು; ಒಂದು ಕಾಗದದಲ್ಲಿ ಹನ್ನೆರಡು ಸಾಲು ಬರೆದು ಕೂಡಿದರೆ ಗೊತ್ತಾಗುತ್ತದೆ. ಸಂಬಳ ಯಾವ ದಿನಾಂಕಕ್ಕೆ ಬರುತ್ತದೆ ಎಂದೂ ಕೇಳಿ. ಏಪ್ರಿಲ್‌ನ ದುಡಿಮೆಗೆ ಮೇ ಕೊನೆಯಲ್ಲಿ ಕೊಡುವ ಪದ್ಧತಿ ಸಾಮಾನ್ಯ. ಮಾರ್ಚ್ ಕೊನೆಗೆ ಬಂದಿಳಿದವರು ಎರಡು ತಿಂಗಳು ತಮ್ಮ ಕೈಯ ದುಡ್ಡಿನಲ್ಲೇ ಬದುಕಬೇಕು, ಮನೆಯ ಮುಂಗಡವೂ ಅದರಲ್ಲೇ ಆಗಬೇಕು. 5 ಲಕ್ಷ ಯೆನ್‌ಗಿಂತ ಕಡಿಮೆ ಹಿಡಿದುಕೊಂಡು ಈ ದಾರಿಯಲ್ಲಿ ಹೊರಡಬೇಡಿ.

ಇನ್ನು ಸಾಮಾಜಿಕ ವಿಮೆ, ಅಂದರೆ ಪಿಂಚಣಿ ಮತ್ತು ಆರೋಗ್ಯ ವಿಮೆ. ವಾರಕ್ಕೆ 29.5 ಗಂಟೆ ಎಂದು ಒಪ್ಪಂದದಲ್ಲಿ ಬರೆದು, ‘ಪೂರ್ಣಾವಧಿ ಅಲ್ಲ, ಆದ್ದರಿಂದ ಕಂಪನಿಯ ಸಾಮಾಜಿಕ ವಿಮೆ ಇಲ್ಲ’ ಎನ್ನುವುದು ಈ ಉದ್ಯಮದ ಹಳೆಯ ಚಾಳಿ. ವಿಮೆಯಲ್ಲಿ ಅರ್ಧ ಪಾಲು ಮಾಲೀಕರು ಕಟ್ಟಬೇಕಾದ್ದರಿಂದ ಹೀಗೆ ಉಳಿಸಿಕೊಳ್ಳುತ್ತಿದ್ದರು. ಈಗ ಅದಕ್ಕೆ ಅವಕಾಶ ಕಡಿಮೆ. 2024ರ ಅಕ್ಟೋಬರ್‌ನಿಂದ 51ಕ್ಕಿಂತ ಕಡಿಮೆಯಿಲ್ಲದಷ್ಟು ನೌಕರರಿರುವ ಕಂಪನಿಗಳಲ್ಲಿ ವಾರಕ್ಕೆ 20 ಗಂಟೆ ದುಡಿದು ತಿಂಗಳಿಗೆ 88,000 ಯೆನ್ ಪಡೆಯುವವರನ್ನೂ ಸಾಮಾಜಿಕ ವಿಮೆಗೆ ಸೇರಿಸಲೇಬೇಕು. ದೊಡ್ಡ ಕಂಪನಿಯೊಂದು ಇಂದಿಗೂ 29.5ರ ನೆಪ ಹೇಳಿದರೆ ಆ ಕಂಪನಿಯ ಉಳಿದ ಮಾತುಗಳನ್ನೂ ಅನುಮಾನದಿಂದಲೇ ನೋಡಬೇಕು.

ಒಪ್ಪಂದದಲ್ಲಿ ‘ಹಾಕೆನ್’ ಎಂದಿದೆಯೋ ‘ಗ್ಯೋಮು ಇತಾಕು’ ಎಂದಿದೆಯೋ ನೋಡಿ. ಇದು ಬರೀ ಕಾಗದದ ಮಾತಲ್ಲ, ದಿನದ ಪಾಠಕ್ಕೇ ತಟ್ಟುವ ವಿಷಯ. ಹಾಕೆನ್, ಅಂದರೆ ಕಂಪನಿ ತನ್ನ ನೌಕರರನ್ನು ಎರವಲು ಕೊಡುವ ಒಪ್ಪಂದ, ಆದರೆ ಶಾಲೆಯ ಶಿಕ್ಷಕರು ನಿಮಗೆ ನೇರವಾಗಿ ಕೆಲಸ ಹೇಳಬಹುದು. ಗ್ಯೋಮು ಇತಾಕು ಎಂದರೆ ಕೆಲಸವನ್ನೇ ಕಂಪನಿಗೆ ಹೊರಗುತ್ತಿಗೆ ಕೊಟ್ಟಂತೆ. ಕಾನೂನಿನ ಪ್ರಕಾರ ನಿಮಗೆ ಹೇಳಬೇಕಾದವರು ಕಂಪನಿಯವರು ಮಾತ್ರ. ಪಕ್ಕದಲ್ಲೇ ನಿಂತ ಶಿಕ್ಷಕಿ ‘ಈ ಭಾಗ ಬಿಡಿ, ಮುಂದಿನ ಪುಟ ಓದಿಸಿ’ ಎಂದು ಆದೇಶಿಸಿದರೆ ಅದು ಹೊರಗುತ್ತಿಗೆಯ ಹೆಸರಿನಲ್ಲಿ ನೌಕರರನ್ನು ಎರವಲು ಕೊಟ್ಟ ‘ಮರೆಮಾಚಿದ ಗುತ್ತಿಗೆ’ ಎನಿಸಿಕೊಳ್ಳುವ ಅಪಾಯವಿದೆ. ಹಾಗಾಗಿ ಇಂಥ ಒಪ್ಪಂದವಿರುವ ಕಡೆ ಶಿಕ್ಷಕರು ಮಾತಾಡಿಸಲು ಹಿಂಜರಿಯುತ್ತಾರೆ, ಇಬ್ಬರೂ ಕೂಡಿ ಪಾಠ ಕಟ್ಟುವುದು ಕುಂಟುತ್ತದೆ. ಹೊಸಬರು ಇದನ್ನು ‘ಇವರಿಗೆ ನನ್ನ ಮೇಲೆ ವಿಶ್ವಾಸವಿಲ್ಲ’ ಎಂದು ತಪ್ಪು ತಿಳಿದುಕೊಂಡು ಕೊರಗುತ್ತಾರೆ. ಆಯ್ಕೆ ಇದ್ದರೆ ಹಾಕೆನ್ ಒಪ್ಪಂದವನ್ನೇ ಹಿಡಿಯಿರಿ.

ರಜೆಯ ಲೆಕ್ಕವೂ ಬೇರೆ. ಕಾರ್ಮಿಕ ಕಾನೂನಿನಂತೆ ಆರು ತಿಂಗಳು ದುಡಿದು ಶೇ 80 ಹಾಜರಾತಿ ಇದ್ದವರಿಗೆ 10 ದಿನ ಸಂಬಳ ಸಹಿತ ರಜೆ. ನೌಕರರ ಪ್ರತಿನಿಧಿಯೊಡನೆ ಲಿಖಿತ ಒಪ್ಪಂದವಿದ್ದರೆ ಅದರಲ್ಲಿ ಐದು ದಿನವನ್ನು ಕಂಪನಿಯೇ ನಿಗದಿ ಮಾಡಬಹುದು, ಸಾಮಾನ್ಯವಾಗಿ ಶಾಲೆ ಮುಚ್ಚಿರುವ ದಿನಗಳಿಗೆ. ನಿಮ್ಮ ಇಚ್ಛೆಗೆ ಉಳಿಯುವುದು ಐದೇ. ಮೊದಲ ಆರು ತಿಂಗಳಲ್ಲಿ ಜ್ವರ ಬಂದು ಮಲಗಿದರೆ ಆ ದಿನದ ಸಂಬಳ ಹೋದಂತೆ. ಜೆಟ್‌ನಲ್ಲಾದರೆ ಮೊದಲ ವರ್ಷದಿಂದಲೇ ಸಂಬಳ ಸಹಿತ ರಜೆಯೂ ಕಾಯಿಲೆ ರಜೆಯೂ ಒಪ್ಪಂದದಲ್ಲೇ ಇರುತ್ತವೆ.

ನೇರ ನೇಮಕದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಂಬಳ, ಗೌರವ ಎರಡರಲ್ಲೂ ಚೆನ್ನಾಗಿದೆ, ಆದರೆ ಜಪಾನಿನಲ್ಲಿ ಈಗಾಗಲೇ ನೆಲೆಸಿ, ಒಂದೆರಡು ವರ್ಷ ಪಾಠ ಮಾಡಿ, ಜಪಾನಿ ಭಾಷೆಯಲ್ಲಿ ಸಂದರ್ಶನ ಎದುರಿಸಬಲ್ಲವರಿಗೇ ಸಿಗುವಂಥದ್ದು. ಎರಡನೇ ಮೆಟ್ಟಿಲು ಎಂದುಕೊಳ್ಳಿ.

ಅರ್ಜಿಗೂ ಮುಂಚೆ ನೋಡಿಕೊಳ್ಳಬೇಕಾದ ಒಂದು ನಿಯಮವಿದೆ. ಸರ್ಕಾರಿ ಶಾಲೆಯ ಎಎಲ್‌ಟಿಗೆ ಸಿಗುವುದು ‘ಬೋಧಕ’ ವರ್ಗದ ವೀಸಾ. ಪದವಿಯ ಜೊತೆಗೆ, ಭಾಷೆ ಕಲಿಸುವವರು ಆ ಭಾಷೆಯ ಮಾಧ್ಯಮದಲ್ಲಿ 12 ವರ್ಷ ಓದಿರಬೇಕು ಎಂಬ ಷರತ್ತು ಇದರಲ್ಲಿದೆ. ಇಂಗ್ಲಿಷ್ ಮಾತೃಭಾಷೆಯಾದ ದೇಶದವರಿಗೆ ಇದು ಗಮನಕ್ಕೂ ಬರುವುದಿಲ್ಲ. ನಮ್ಮಂಥವರಿಗೆ ಇದೇ ಬಾಗಿಲು. ಏಳನೇ ತರಗತಿವರೆಗೆ ಕನ್ನಡದಲ್ಲಿ ಓದಿ ಎಂಟರಿಂದ ಇಂಗ್ಲಿಷ್‌ಗೆ ಹೊರಳಿದವರು ಪದವಿಯ ಮೂರು ವರ್ಷ ಸೇರಿಸಿದರೂ ಎಂಟು ವರ್ಷಕ್ಕೆ ನಿಲ್ಲುತ್ತಾರೆ. ಒಂದನೇ ತರಗತಿಯಿಂದ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವರು ಪ್ರತಿ ಶಾಲೆ, ಕಾಲೇಜಿನಿಂದ ‘ಬೋಧನಾ ಮಾಧ್ಯಮ ಇಂಗ್ಲಿಷ್’ ಎಂದು ಯಾವ ವರ್ಷದಿಂದ ಯಾವ ವರ್ಷದವರೆಗೆ ಎಂಬುದರ ಸಮೇತ ಪ್ರಮಾಣಪತ್ರ ಮಾಡಿಸಿಟ್ಟುಕೊಳ್ಳಿ. ಕೆಲಸ ಸಿಕ್ಕ ಮೇಲೆ ಹಳೆಯ ಶಾಲೆಯ ಬಾಗಿಲು ತಟ್ಟುತ್ತ ಕೂತರೆ ಏಪ್ರಿಲ್ ದಾಟಿಹೋಗುತ್ತದೆ. ವೀಸಾಕ್ಕಾಗಿ ಕಂಪನಿ ಜಪಾನಿನಲ್ಲಿ ಅರ್ಜಿ ಹಾಕಿ ತರಿಸುವ ಅರ್ಹತಾ ಪತ್ರಕ್ಕೇ ಒಂದರಿಂದ ಮೂರು ತಿಂಗಳು ಬೇಕು.

ಹೆಸರಿನ ಗೋಜಲನ್ನೂ ಮೊದಲೇ ಬಿಡಿಸಿಕೊಳ್ಳಿ. ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಅಕ್ಷರಶಃ ಹಾಗೆಯೇ ನಿವಾಸ ಕಾರ್ಡಿನಲ್ಲೂ ಬರುತ್ತದೆ. ಉಪನಾಮದ ಜಾಗ ಖಾಲಿ ಇದ್ದರೆ, ಇನಿಷಿಯಲ್ ಬಿಡಿಸಿ ಬರೆದಿದ್ದರೆ, ಜಪಾನಿನ ಪ್ರತಿ ಅರ್ಜಿಯಲ್ಲೂ ‘ಕುಟುಂಬದ ಹೆಸರು ಯಾವುದು’ ಎಂದು ಕೇಳಿಯೇ ಕೇಳುತ್ತಾರೆ. ಬ್ಯಾಂಕ್ ಖಾತೆಯಲ್ಲಿ ಹೆಸರು ಕಾತಾಕಾನಾ ಲಿಪಿಯಲ್ಲಿರುತ್ತದೆ. ಅಲ್ಲಿ ಒಂದು ದೀರ್ಘ ಹೆಚ್ಚುಕಡಿಮೆಯಾಗಿ ಸಂಬಳ ವಿಭಾಗದ ದಾಖಲೆಗೆ ಹೊಂದದಿದ್ದರೆ ದುಡ್ಡು ವಾಪಸ್ ಹೋಗುತ್ತದೆ. ಹೆಸರಿನ ಕಾತಾಕಾನಾ ರೂಪವನ್ನು ಒಮ್ಮೆ ನಿರ್ಧರಿಸಿ, ಚೀಟಿಯಲ್ಲಿ ಬರೆದಿಟ್ಟು, ಎಲ್ಲ ಕಡೆ ಅದನ್ನೇ ನಕಲು ಮಾಡಿ.

ಬಂದಿಳಿದ ಮೇಲಿನ ಕ್ರಮ ಹೀಗೆ: ನರಿತಾ, ಹಾನೇದಾ, ಕಾನ್ಸಾಯ್‌ನಂಥ ದೊಡ್ಡ ವಿಮಾನ ನಿಲ್ದಾಣಗಳಲ್ಲಿ ನಿವಾಸ ಕಾರ್ಡು ಅಲ್ಲೇ ಕೈಗೆ ಬರುತ್ತದೆ. ಮನೆ ಸೇರಿದ 14 ದಿನದೊಳಗೆ ನಗರ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಕಾರ್ಡಿನ ಹಿಂಬದಿಯಲ್ಲಿ ವಿಳಾಸ ಬಿದ್ದ ಮೇಲಷ್ಟೇ ಬ್ಯಾಂಕ್ ಖಾತೆ, ಆಮೇಲೆ ಫೋನು. ಖಾತೆಗೆ ಫೋನ್ ನಂಬರ್ ಕೇಳುತ್ತಾರೆ, ಫೋನಿಗೆ ಖಾತೆ ಅಥವಾ ಕಾರ್ಡ್ ಕೇಳುತ್ತಾರೆ. ಇದನ್ನು ಬಿಡಿಸಿಕೊಳ್ಳುವ ಸುಲಭ ದಾರಿ ಎಂದರೆ ತಾತ್ಕಾಲಿಕವಾಗಿ ಕಚೇರಿಯ ನಂಬರ್ ಕೊಟ್ಟು ಅಂಚೆ ಬ್ಯಾಂಕಿನಲ್ಲಿ ಖಾತೆ ತೆರೆಯುವುದು. ಮನೆಯನ್ನು ಸ್ವಂತವಾಗಿ ಹಿಡಿದರೆ ಠೇವಣಿ, ಮಾಲೀಕರಿಗೆ ಕೊಡುವ ಮರಳಿ ಬಾರದ ‘ರೇಕಿನ್’, ಏಜೆಂಟ್ ಶುಲ್ಕ, ಜಾಮೀನು ಕಂಪನಿಯ ಶುಲ್ಕ, ಬೆಂಕಿ ವಿಮೆ ಎಲ್ಲ ಕೂಡಿ ಮೂರರಿಂದ ಐದು ತಿಂಗಳ ಬಾಡಿಗೆ ಒಮ್ಮೆಗೇ ಹೋಗುತ್ತದೆ. ಹಳ್ಳಿ ಕಡೆಯ ಹುದ್ದೆಯಾದರೆ ಕಾರು ಬೇಕು. 1949ರ ಜಿನೀವಾ ಒಪ್ಪಂದದ ಮಾದರಿಯ ಅಂತರರಾಷ್ಟ್ರೀಯ ಪರವಾನಗಿ ತಂದರೆ ಒಂದು ವರ್ಷ ಓಡಿಸಬಹುದು. ಆಮೇಲೆ ಜಪಾನಿನ ಪರವಾನಗಿಗೆ ಲಿಖಿತ ಪರೀಕ್ಷೆಯೂ ಓಡಿಸಿ ತೋರಿಸುವ ಪರೀಕ್ಷೆಯೂ ಇವೆ. ಓಡಿಸಿ ತೋರಿಸುವುದರಲ್ಲಿ ಒಂದಕ್ಕಿಂತ ಹೆಚ್ಚು ಸಲ ಫೇಲಾಗುವುದು ಸಾಮಾನ್ಯವಾದ್ದರಿಂದ ವರ್ಷದ ಕೊನೆಯವರೆಗೆ ಕಾಯದೆ ಆರನೇ ತಿಂಗಳಿಗೇ ಶುರುಮಾಡಿ.

ಶಾಲೆಯ ದಿನ ಬೆಳಿಗ್ಗೆ 8ರ ಸುಮಾರಿಗೆ ಬಾಗಿಲಲ್ಲಿ ಚಪ್ಪಲಿ ಕಳಚುವುದರಿಂದ ಶುರು. ಒಳಗೆ ಹಾಕಿಕೊಳ್ಳಲು ಬೇರೆಯೇ ಬೂಟು ಬೇಕು. ಕಾಲು ದೊಡ್ಡದಿದ್ದರೆ ಅಲ್ಲಿ ಅಳತೆ ಸಿಗುವುದು ಕಷ್ಟ, ಒಂದು ಜೊತೆ ತಂದುಬಿಡಿ. ಎಲ್ಲ ಶಿಕ್ಷಕರೂ ಒಂದೇ ದೊಡ್ಡ ಸ್ಟಾಫ್‌ರೂಂನಲ್ಲಿ ಕೂರುತ್ತಾರೆ. ದಿನನಿತ್ಯದ ವ್ಯವಹಾರ ನೋಡುವವರು ಮುಖ್ಯೋಪಾಧ್ಯಾಯರಲ್ಲ, ಉಪ ಮುಖ್ಯೋಪಾಧ್ಯಾಯರಾದ ಕ್ಯೋತೋ-ಸೆನ್ಸೇ. ತಡವಾಗುವುದು, ರಜೆ, ಊಟದ ಬದಲಾವಣೆ ಎಲ್ಲ ಅವರಿಗೆ ತಿಳಿದಿರಬೇಕು. ಮಧ್ಯಾಹ್ನದ ಊಟ ಮಕ್ಕಳ ಜೊತೆ ತರಗತಿಯಲ್ಲೇ. ಅದೇ ಊಟ, ಅದೇ 200 ಮಿಲಿಲೀಟರ್ ಹಾಲು, ದುಡ್ಡು ನಿಮ್ಮ ಜೇಬಿನಿಂದ. ಸಾರಿನಿಂದ ಪಲ್ಯದವರೆಗೆ ಬಹುತೇಕ ಎಲ್ಲದರಲ್ಲೂ ಮೀನಿನ ಸಾರವಾದ ದಾಶಿ ಇರುತ್ತದೆ. ಸಸ್ಯಾಹಾರಿಗಳು ಮೊದಲ ವಾರವೇ ಶಾಲೆಯ ಊಟ ಬೇಡವೆಂದು ಹೇಳಿ ಬುತ್ತಿ ಕಟ್ಟಿಕೊಳ್ಳುವುದು ಲೇಸು. ಅಡುಗೆಯ ಲೆಕ್ಕ ಮುಂಚಿತವಾಗಿ ಹೋಗಿರುವುದರಿಂದ ಆ ದಿನ ಬೆಳಿಗ್ಗೆ ‘ಬೇಡ’ ಎಂದರೆ ದುಡ್ಡು ಕಟ್ಟಲೇಬೇಕು. ಊಟದ ನಂತರ ಮಕ್ಕಳೇ ಶಾಲೆ ಗುಡಿಸಿ ಒರೆಸುತ್ತಾರೆ. ನೀವೂ ಒಂದು ಬಟ್ಟೆ ಹಿಡಿದು ಸೇರಿಕೊಂಡರೆ ತರಗತಿಯಲ್ಲಿ ಬಾಯಿ ಬಿಡದ ಮಗು ಅಲ್ಲಿ ಮಾತಾಡುತ್ತದೆ.

ಪಾಠದ ಹೊಣೆ ಕಾಗದದಲ್ಲಿ ನಿಮ್ಮದಲ್ಲ. ಶಿಕ್ಷಕ ಪರವಾನಗಿ ಇಲ್ಲದ ಎಎಲ್‌ಟಿ ಒಬ್ಬರೇ ತರಗತಿ ನಡೆಸುವಂತಿಲ್ಲ. ಪರವಾನಗಿ ಇರುವ ಶಿಕ್ಷಕರು ಜೊತೆಗಿರಲೇಬೇಕು. ಪ್ರಾಥಮಿಕ ಶಾಲೆಯಲ್ಲಿ ವಾಸ್ತವ ತಲೆಕೆಳಗು. ತರಗತಿ ಶಿಕ್ಷಕರಿಗೆ ಇಂಗ್ಲಿಷ್ ಅಂಜಿಕೆ, ಹಾಗಾಗಿ 45 ನಿಮಿಷವೂ ನಿಮ್ಮ ಕೈಗೆ ಬರುತ್ತದೆ. ಮಾಧ್ಯಮಿಕ ಶಾಲೆಯ 50 ನಿಮಿಷದಲ್ಲಿ ಇಂಗ್ಲಿಷ್ ಶಿಕ್ಷಕರದೇ ಯಜಮಾನಿಕೆ. ಕೆಲವು ಕಡೆ ಎಎಲ್‌ಟಿಯನ್ನು ಟೇಪ್ ರೆಕಾರ್ಡರ್‌ನಂತೆ ಬಳಸುತ್ತಾರೆ: ಓದು ಎಂದಾಗ ಓದಬೇಕು, ಉಳಿದ ಹೊತ್ತು ಗೋಡೆಗೆ ಒರಗಿ ನಿಲ್ಲಬೇಕು. ಇದಕ್ಕೆ ಮದ್ದು, ಬೇಸರ ತೋರಿಸುವುದಲ್ಲ. ‘ಮುಂದಿನ ವಾರ ಈ ಪುಟಕ್ಕೆ ಐದು ನಿಮಿಷದ ಚಟುವಟಿಕೆ ಮಾಡಿ ತರಲೇ’ ಎಂದು ಅಳತೆ ಹೇಳಿ ಕೇಳುವುದು. ಐದು ನಿಮಿಷಕ್ಕೆ ಇಲ್ಲ ಎನ್ನುವ ಶಿಕ್ಷಕರು ವಿರಳ. ಅದು ಚೆನ್ನಾಗಿ ನಡೆದರೆ ಹತ್ತಾಗುತ್ತದೆ.

2020ರಿಂದ ಮೂರು, ನಾಲ್ಕನೇ ತರಗತಿಗೆ ವರ್ಷಕ್ಕೆ 35 ಪಿರಿಯಡ್ ವಿದೇಶಿ ಭಾಷಾ ಚಟುವಟಿಕೆ, ಐದು, ಆರಕ್ಕೆ 70 ಪಿರಿಯಡ್ ಅಂಕ ಕೊಡುವ ವಿಷಯ. ಮೂರನೇ ತರಗತಿಯಲ್ಲಿ ಬಣ್ಣಗಳ ಮೂಲಕ ‘ಐ ಲೈಕ್ ಬ್ಲೂ’ ಕಲಿಸುವ ಪಾಠವನ್ನೇ ತೆಗೆದುಕೊಳ್ಳಿ. ಮೊದಲು ಬೋರ್ಡಿನ ಎಡಕ್ಕೆ ಇಂದಿನ ಗುರಿ, ಅಂದರೆ ‘ಮೆಆತೆ’. ಇದನ್ನು ತರಗತಿ ಶಿಕ್ಷಕರೇ ಬರೆಯಲಿ. ವಂದನೆಗೆ ಮೂರು ನಿಮಿಷ, ಹಿಂದಿನ ಪಾಠದ ಮೆಲುಕಿಗೆ ಐದು. ಆಮೇಲೆ ಎಂಟು ಬಣ್ಣದ ಕಾರ್ಡು ತೋರಿಸಿ ಹೇಳಿಸುವುದು, ಎಂಟಕ್ಕಿಂತ ಹೆಚ್ಚು ಬೇಡ. ಬಳಿಕ ಕೀವರ್ಡ್ ಆಟ: ಇಬ್ಬಿಬ್ಬರ ನಡುವೆ ಒಂದು ರಬ್ಬರ್ ಇಡಿಸಿ, ‘ಇಂದಿನ ಪದ ಗ್ರೀನ್’ ಎನ್ನಿ. ನೀವು ಹೇಳಿದ ಪ್ರತಿ ಬಣ್ಣವನ್ನೂ ಮಕ್ಕಳು ತಿರುಗಿ ಹೇಳಬೇಕು, ಗ್ರೀನ್ ಬಂದಾಗ ಮಾತ್ರ ರಬ್ಬರ್ ಕಸಿಯಬೇಕು. ಕೈ ತಲೆಯ ಮೇಲಿರಬೇಕು ಎಂಬ ನಿಯಮ ಮರೆತರೆ ಎರಡನೇ ಸುತ್ತಿಗೇ ಜಗಳ. ಆಮೇಲಿನ ಹದಿನೈದು ನಿಮಿಷ ತರಗತಿಯಲ್ಲಿ ಓಡಾಡಿ ಐದು ಜನರಿಗೆ ‘ಡು ಯು ಲೈಕ್ ಬ್ಲೂ?’ ಎಂದು ಕೇಳುವುದು. ಈ ಆಟದ ನಿಯಮವನ್ನು ಇಂಗ್ಲಿಷಿನಲ್ಲಿ ಬಾಯಿಮಾತಿನಲ್ಲಿ ವಿವರಿಸಲು ಹೋದರೆ ಕೆಟ್ಟಿತು. ತರಗತಿ ಶಿಕ್ಷಕರನ್ನು ಮುಂದೆ ಕರೆದು ಇಬ್ಬರೂ ಒಮ್ಮೆ ಆಡಿ ತೋರಿಸಿದರೆ ಮೂವತ್ತು ಸೆಕೆಂಡಿನಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ, ಅಂಜುತ್ತಿದ್ದ ಶಿಕ್ಷಕರೂ ಪಾಠದೊಳಕ್ಕೆ ಬರುತ್ತಾರೆ. ಕಡೆಯ ಐದು ನಿಮಿಷ ಮಕ್ಕಳು ಇಂದು ಕಲಿತದ್ದನ್ನು ಹಾಳೆಯಲ್ಲಿ ಬರೆಯುವ ‘ಫುರಿಕಾಎರಿ’. ಆಟದ ಭರದಲ್ಲಿ ಅದನ್ನು ನುಂಗಿದರೆ ಶಿಕ್ಷಕರು ಏನೂ ಅನ್ನುವುದಿಲ್ಲ, ಆದರೆ ಅವರು ಮಗುವಿನ ಪ್ರಗತಿ ಬರೆಯಲು ಆಧಾರ ಮಾಡಿಕೊಳ್ಳುವುದೇ ಆ ಹಾಳೆಯನ್ನು. ಗಂಟೆ ಬಾರಿಸಿದ ಮೇಲೆ ಒಂದು ನಿಮಿಷವೂ ಮುಂದುವರಿಸಬೇಡಿ.

ಈ ಕೆಲಸದ ದೊಡ್ಡ ಕೊರತೆ, ಶಿಕ್ಷಕರ ಜೊತೆ ಕೂತು ಯೋಜಿಸಲು ಸಮಯವೇ ಇಲ್ಲದಿರುವುದು. ಮೂರ್ನಾಲ್ಕು ಶಾಲೆ ಸುತ್ತುವವರಿಗೆ ಪಿರಿಯಡ್ ನಡುವಿನ ಹತ್ತು ನಿಮಿಷವಷ್ಟೇ ಸಿಗುವುದು. ಹಾಕೆನ್ ಅಥವಾ ಜೆಟ್‌ನವರು ಅರ್ಧ ಪುಟದ ಚೀಟಿ ಮಾಡಿಕೊಳ್ಳಿ: ತರಗತಿ, ಪಾಠ, ಪುಟ, ನಿಮ್ಮ ಕೆಲಸ, ಶಿಕ್ಷಕರ ಕೆಲಸ, ಬೇಕಾದ ಸಾಮಾನು. ಹೊರಡುವಾಗ ಮುಂದಿನ ವಾರದ ಚೀಟಿಯನ್ನು ಅವರ ಮೇಜಿನ ಮೇಲಿಟ್ಟುಬನ್ನಿ. ಬಾಯಿಮಾತಿಗೆ ಸಿಗದ ಉತ್ತರ ಚೀಟಿಗೆ ಸಿಗುತ್ತದೆ. ಪರೀಕ್ಷೆಯ ದಿನಗಳಲ್ಲಿ ಮತ್ತು ಜೆಟ್‌ನವರಿಗೆ ಬೇಸಿಗೆ ರಜೆಯಲ್ಲಿ ಮೇಜಿನ ಮುಂದೆ ಸುಮ್ಮನೆ ಕೂರುವ ದಿನಗಳು ಬರುತ್ತವೆ. ಭಾಷಣ ಸ್ಪರ್ಧೆಗೆ, ಜಪಾನಿನ ಇಂಗ್ಲಿಷ್ ಸಾಮರ್ಥ್ಯ ಪರೀಕ್ಷೆಯಾದ ಏಕೆನ್‌ನ ಮೂರನೇ ದರ್ಜೆಯಿಂದ ಮೇಲಿರುವ ಸಂದರ್ಶನಕ್ಕೆ ಮಕ್ಕಳನ್ನು ತಯಾರು ಮಾಡಲು ಆ ಹೊತ್ತನ್ನು ಕೇಳಿ ಪಡೆಯಿರಿ. ಎಎಲ್‌ಟಿಯಿಂದ ಮಗುವಿಗೆ ಅತಿ ಹೆಚ್ಚು ಉಪಯೋಗವಾಗುವುದು ಇಂಥ ಒಬ್ಬೊಬ್ಬರ ಜೊತೆಗಿನ ಹದಿನೈದು ನಿಮಿಷಗಳಲ್ಲೇ.

ಸಂಜೆ ಖಾಸಗಿ ಪಾಠ ಹೇಳಿ ನಾಲ್ಕು ಕಾಸು ಮಾಡುವ ಯೋಚನೆಯಿದ್ದರೆ ಬೋಧಕ ವೀಸಾದಲ್ಲಿ ಅದಕ್ಕೆ ವಲಸೆ ಇಲಾಖೆಯ ಪ್ರತ್ಯೇಕ ಅನುಮತಿ ಬೇಕು. ಕಂಪನಿ ಬದಲಿಸಿದರೆ 14 ದಿನದೊಳಗೆ ಅದೇ ಇಲಾಖೆಗೆ ತಿಳಿಸಬೇಕು. ಎರಡನೇ ವರ್ಷದ ಜೂನ್‌ನಲ್ಲಿ ನಿವಾಸ ತೆರಿಗೆಯ ಚೀಟಿ ಬರುತ್ತದೆ. ಹಿಂದಿನ ವರ್ಷದ ಆದಾಯದ ಮೇಲೆ ಹಾಕುವ ತೆರಿಗೆಯಾದ್ದರಿಂದ ಮೊದಲ ವರ್ಷ ಇರುವುದಿಲ್ಲ. 2,30,000 ಯೆನ್ ಸಂಬಳದವರಿಗೆ ಅದು ತಿಂಗಳಿಗೆ ಐದಾರು ಸಾವಿರ, ಮುಂದಿನ ವರ್ಷಕ್ಕೆ ಎಂಟು ಸಾವಿರದ ಹತ್ತಿರ. ಜನವರಿ 1ಕ್ಕೆ ಜಪಾನಿನಲ್ಲಿದ್ದವರು ಆಮೇಲೆ ದೇಶ ಬಿಟ್ಟರೂ ಆ ವರ್ಷದ ತೆರಿಗೆ ಕಟ್ಟಬೇಕು. ಬಿಟ್ಟು ಬರುವವರು ಪಿಂಚಣಿಗೆ ಕಟ್ಟಿದ್ದರಲ್ಲಿ ಒಂದು ಭಾಗವನ್ನು ಎರಡು ವರ್ಷದೊಳಗೆ ಅರ್ಜಿ ಹಾಕಿ ಒಟ್ಟಿಗೆ ವಾಪಸ್ ಪಡೆಯಬಹುದು. ಅದರಲ್ಲಿ ಶೇ 20.42 ತೆರಿಗೆ ಮುರಿದುಕೊಳ್ಳುತ್ತಾರೆ. ಜಪಾನಿನಲ್ಲಿರುವ ಒಬ್ಬರನ್ನು ತೆರಿಗೆ ಪ್ರತಿನಿಧಿಯಾಗಿ ಹೊರಡುವ ಮೊದಲೇ ತೆರಿಗೆ ಕಚೇರಿಯಲ್ಲಿ ನೋಂದಾಯಿಸಿದ್ದರೆ ಅದನ್ನೂ ಮರಳಿ ಕೇಳಬಹುದು. ಭಾರತ-ಜಪಾನ್ ಸಾಮಾಜಿಕ ಭದ್ರತಾ ಒಪ್ಪಂದ 2016ರ ಅಕ್ಟೋಬರ್‌ನಿಂದ ಜಾರಿಯಲ್ಲಿದ್ದು, ಎರಡು ದೇಶದ ಪಿಂಚಣಿ ವರ್ಷಗಳನ್ನು ಕೂಡಿಸಿ ಲೆಕ್ಕ ಹಾಕಲು ಅವಕಾಶವಿದೆ. ಆದರೆ ದುಡ್ಡು ಒಟ್ಟಿಗೆ ವಾಪಸ್ ಪಡೆದ ವರ್ಷಗಳು ಆ ಲೆಕ್ಕಕ್ಕೆ ಬರುವುದಿಲ್ಲ. ಜಪಾನಿಗೆ ಮತ್ತೆ ದುಡಿಯಲು ಹೋಗುವ ಯೋಚನೆ ಇರುವವರು ಅರ್ಜಿ ಹಾಕುವ ಮುನ್ನ ಇದನ್ನು ತೂಗಿ ನೋಡಿ.